ಮಳೆಗಾಲದ ಕಾರು ಮತ್ತು ನನ್ನ ನೂರು ಪುಟದ ನೋಟ್‌ಬುಕ್

ಮುಗ್ಗಲು ವಾಸನೆ ಮೊದಲು ಬಂದಿದ್ದು ಅಮ್ಮನಿಗೆ. ಅವರು ಯಾವಾಗಲೂ ಮುಂದೆ ಎಡಗಡೆ ಸೀಟಿನಲ್ಲಿ ಕೂರುತ್ತಾರೆ. "ಕಾಲಡಿ ಹಸಿ ಹಸಿ ಆಗ್ತಿದೆಯಲ್ಲೋ, ನೋಡೋ" ಅಂದರು. ಜುಲೈ ತಿಂಗಳು, ತೀರ್ಥಹಳ್ಳಿ ಮಳೆ. ಒದ್ದೆ ಚಪ್ಪಲಿ, ಮಡಚಿಟ್ಟ ಕೊಡೆ, ಇನ್ನೇನಿರುತ್ತದೆ ಅಂದುಕೊಂಡು ಸುಮ್ಮನಾದೆ. ವಾರ ಕಳೆದ ಮೇಲೆ ಮ್ಯಾಟ್ ಎತ್ತಿ ಕಾರ್ಪೆಟ್ ಒತ್ತಿ ನೋಡಿದರೆ ಬೆರಳ ಸಂದಿಯಿಂದ ನೀರು ಬಂತು.

ನಮ್ಮದು 2013ರ ವ್ಯಾಗನ್ ಆರ್, ಪೆಟ್ರೋಲ್. 2016ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಾಗ 41,000 ಕಿ.ಮೀ. ಓಡಿತ್ತು. ಈಗ 1,38,000 ದಾಟಿದೆ. ನಾನು ಶಾಲೆಗೆ ಹೋಗಿಬರುವುದು, ಸಂತೆ, ಶಿವಮೊಗ್ಗದ ಕೆಲಸ, ಮೂರು ತಿಂಗಳಿಗೊಮ್ಮೆ ಆಗುಂಬೆ ಘಾಟಿ ಇಳಿದು ಅಮ್ಮನನ್ನು ಮಣಿಪಾಲಕ್ಕೆ ಕರೆದುಕೊಂಡು ಹೋಗುವುದು, ಎಲ್ಲಕ್ಕೂ ಇದೊಂದೇ ಕಾರು. ನಾನು ಮೆಕ್ಯಾನಿಕ್ ಅಲ್ಲ, ಗಣಿತ ಪಾಠ ಮಾಡುವವನು. ಹಾಗಾಗಿ ಕಾರು ಬಂದ ದಿನದಿಂದ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಒಂದು ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇನೆ. ಈಗ ನಾಲ್ಕನೆಯದು ನಡೆಯುತ್ತಿದೆ.

ನೀರಿನ ವಿಷಯಕ್ಕೆ ಬರುತ್ತೇನೆ. ಶಿವಮೊಗ್ಗದ ಒಂದು ವರ್ಕ್‌ಶಾಪಿನಲ್ಲಿ ತೋರಿಸಿದೆ. ಮುಂದಿನ ಗಾಜಿನ ಬೀಡಿಂಗ್ (ಸುತ್ತಲಿನ ರಬ್ಬರ್ ಪಟ್ಟಿ) ಹೋಗಿದೆ, ಅಲ್ಲಿಂದ ಮಳೆನೀರು ಇಳಿಯುತ್ತಿದೆ ಅಂದರು. ಬೀಡಿಂಗ್ ಬದಲಾಯಿಸಿ ಸೀಲಂಟ್ ಹಾಕಿ 2,800 ರೂಪಾಯಿ ತಗೊಂಡರು. ನಾಲ್ಕು ದಿನಕ್ಕೆ ಕಾರ್ಪೆಟ್ ಮತ್ತೆ ಒದ್ದೆ. ಇನ್ನೊಂದು ಕಡೆ ಎಸಿಯ ಕೂಲಿಂಗ್ ಕಾಯಿಲ್ ಹೋಗಿದೆ, ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು, ಒಂಬತ್ತು ಸಾವಿರ ಆಗುತ್ತದೆ ಅಂದರು. ನೋಡೋಣ ಅಂತ ವಾಪಸ್ ಬಂದೆ.

ಅವತ್ತಿನಿಂದ ಹತ್ತು ದಿನ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಮಾಡಿದೆ. ಮಳೆ ಬಂತಾ, ಕಾರು ಓಡಿತಾ, ಕಾರ್ಪೆಟ್ ಒದ್ದೆಯಾಯಿತಾ. ಒಂದು ಶನಿವಾರ, ಭಾನುವಾರ ಎರಡೂ ದಿನ ಧೋ ಅಂತ ಮಳೆ ಸುರಿಯಿತು. ಕಾರು ಅಂಗಳದಲ್ಲೇ ನೆನೆಯುತ್ತಾ ನಿಂತಿತ್ತು. ಒಳಗೆ ಒಂದು ಹನಿ ಹೊಸ ನೀರಿಲ್ಲ. ಮಂಗಳವಾರ ಮಳೆ ಹೊಳವಾಗಿತ್ತು. ಶಿವಮೊಗ್ಗಕ್ಕೆ ಹೋಗಿಬಂದೆವು, ಸೆಕೆ ಅಂತ ಎಸಿ ಹಾಕಿದ್ದೆವು. ಅವತ್ತು ಕಾರ್ಪೆಟ್ ತೊಯ್ದು ತೊಪ್ಪೆ. ಅಂದರೆ ಇದು ಮಳೆನೀರಲ್ಲ, ಎಸಿ ನೀರು! ನಮ್ಮ ಕಡೆ ಮಳೆಗಾಲದಲ್ಲೇ ಎಸಿ ಜಾಸ್ತಿ ಓಡುತ್ತದೆ. ಒಳಗಿನ ಗಾಜಿಗೆ ಹಬೆ ಕಟ್ಟಿದರೆ ದಾರಿ ಕಾಣುವುದಿಲ್ಲ. ಎಸಿ ಗಾಳಿಯ ತೇವ ಹೀರುವುದರಿಂದ ಗಾಜು ನಿಮಿಷದಲ್ಲಿ ತಿಳಿಯಾಗುತ್ತದೆ. ಹಾಗೆ ಹೀರಿದ ನೀರು ಒಂದು ಸಣ್ಣ ರಬ್ಬರ್ ಪೈಪಿನಿಂದ ಕಾರಿನ ಕೆಳಗೆ ಹನಿಯಬೇಕು. ಎಸಿ ಹಾಕಿ ಹತ್ತು ನಿಮಿಷ ನಿಲ್ಲಿಸಿ ಬಗ್ಗಿ ನೋಡಿದೆ. ಕೆಳಗೆ ಹನಿಯೇ ಇಲ್ಲ.

ನಮ್ಮ ಊರಿನ ಸಣ್ಣ ಗ್ಯಾರೇಜಿಗೆ ಹೋಗಿ ನೋಟ್‌ಬುಕ್ ತೋರಿಸಿದೆ. ಅಲ್ಲಿನ ಮೆಕ್ಯಾನಿಕ್ ಓದಿ, "ಮೇಷ್ಟ್ರೇ, ಕೆಲಸ ನೀವೇ ಮುಗಿಸಿದೀರಲ್ಲ" ಅಂತ ಕಾರಿನಡಿ ಮಲಗಿದರು. ಪೈಪಿನ ಬಾಯಿಯಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು. ತೆಳು ತಂತಿಯಲ್ಲಿ ಮೆಲ್ಲಗೆ ಕೆರೆದು ತೆಗೆದ ಕೂಡಲೇ ಎರಡು ಲೋಟದಷ್ಟು ನೀರು ಸುರಿಯಿತು. ನೂರು ರೂಪಾಯಿ ತಗೊಂಡರು.

ಅವರೇ ಇನ್ನೊಂದು ವಿಷಯ ಹೇಳಿಕೊಟ್ಟರು. ಕಾಲಡಿಯ ನೀರನ್ನು ಬೆರಳಲ್ಲಿ ಮುಟ್ಟಿ ಉಜ್ಜಿ ನೋಡಬೇಕು. ಬರೀ ನೀರಾದರೆ ಎಸಿಯದೋ ಮಳೆಯದೋ. ಅಂಟಂಟಾಗಿ, ಸಿಹಿ ವಾಸನೆ ಬಂದು, ಬಣ್ಣವೂ ಇದ್ದರೆ ಅದು ಕೂಲಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ. ಆಗ ಸೋರುತ್ತಿರುವುದು ಹೀಟರಿನ ಕಾಯಿಲ್. ಅದನ್ನು ನಾಳೆ ನೋಡೋಣ ಅಂತ ಬಿಡುವಂತಿಲ್ಲ. ಕೂಲಂಟ್ ಕಡಿಮೆಯಾದರೆ ಎಂಜಿನ್ ವಿಪರೀತ ಬಿಸಿಯಾಗುತ್ತದೆ, ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗದ ಸೀಲು) ಹೋಗುತ್ತದೆ.

ಒಣಗಿಸುವುದೇ ದೊಡ್ಡ ಕೆಲಸವಾಯಿತು. ಕಾರ್ಪೆಟ್ಟಿನ ಅಡಿ ದಪ್ಪ ಸ್ಪಂಜಿನ ಪದರ ಇರುತ್ತದೆ. ಮೇಲೆ ಒಣಗಿದ ಹಾಗೆ ಕಂಡರೂ ಅದು ತಿಂಗಳುಗಟ್ಟಲೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ಅದರ ಅಡಿಯ ತಗಡು ತುಕ್ಕು ಹಿಡಿಯುತ್ತಾ ಹೋಗುತ್ತದೆ. ಮುಂದಿನ ಸೀಟು ಬಿಚ್ಚಿ, ಕಾರ್ಪೆಟ್ ಎಳೆದು, ಮಳೆಗಾಲದಲ್ಲಿ ಮಕ್ಕಳ ಯೂನಿಫಾರಂ ಒಣಗಿಸುವ ಹಾಗೆ ಬಚ್ಚಲೊಲೆಯ ಪಕ್ಕ ಮೂರು ದಿನ ಹರಡಿದ್ದೆವು. ಈಗ ಪ್ರತಿ ಮೇ ತಿಂಗಳಲ್ಲಿ ಆ ಪೈಪಿನ ಬಾಯಿ ನೋಡಿಯೇ ಮಳೆಗಾಲಕ್ಕೆ ಕಾಲಿಡುತ್ತೇನೆ. ಹಾಗೆಯೇ ಬಾನೆಟ್ ಎತ್ತಿ ವೈಪರ್ ಕೆಳಗಿನ ಕಾಲುವೆಯಲ್ಲಿ ಸೇರಿದ ದರಗು ತೆಗೆಯುತ್ತೇನೆ. ಮರದಡಿ ನಿಲ್ಲಿಸುವ ಕಾರಿಗೆ ಇದು ತಿಂಗಳಿಗೊಮ್ಮೆ ಬೇಕು. ಅಲ್ಲಿ ನೀರು ಕಟ್ಟಿದರೆ ಕೊನೆಗೆ ಅದೂ ಒಳಗೇ ದಾರಿ ಹುಡುಕುತ್ತದೆ.

ನೋಟ್‌ಬುಕ್ಕಿನಲ್ಲಿ ಮುಖ್ಯವಾಗಿ ಇರುವುದು ಪೆಟ್ರೋಲ್ ಲೆಕ್ಕ. ಟ್ಯಾಂಕ್ ಫುಲ್ ಮಾಡಿಸಿ ಕಿ.ಮೀ. ಬರೆದುಕೊಳ್ಳುವುದು, ಮುಂದಿನ ಸಲ ಫುಲ್ ಮಾಡಿಸಿದಾಗ ಎಷ್ಟು ಲೀಟರ್ ಹಿಡಿಯಿತು ನೋಡಿ ಭಾಗಿಸುವುದು. 412 ಕಿ.ಮೀ. ಓಡಿ 24.5 ಲೀಟರ್ ಹಿಡಿದರೆ ಲೀಟರಿಗೆ 16.8. ನಮ್ಮ ಏರಿಳಿತದ ರಸ್ತೆಗೆ ನನ್ನ ಕಾರಿನ ಲೆಕ್ಕ ಹದಿನಾರೂವರೆಯಿಂದ ಹದಿನೇಳೂವರೆ. ಪಕ್ಕದ ಮನೆಯವರ ಕಾರು ಎಷ್ಟು ಕೊಡುತ್ತದೆ ಅನ್ನುವುದರಿಂದ ನನಗೆ ಉಪಯೋಗವಿಲ್ಲ. ನನ್ನ ಕಾರು ಹೋದ ತಿಂಗಳು ಎಷ್ಟು ಕೊಟ್ಟಿತ್ತು ಅನ್ನುವುದೇ ಬೇಕಾದ ಮಾತು.

ಒಂದು ಸಲ ಇದ್ದಕ್ಕಿದ್ದಂತೆ 14.1ಕ್ಕೆ ಇಳಿಯಿತು. ಟೈರಿನ ಗಾಳಿ ಸರಿ ಇತ್ತು. ಏರ್ ಫಿಲ್ಟರ್ ತೆಗೆದು ನೋಡಿದೆ, ಅದೂ ಚೊಕ್ಕವಾಗಿತ್ತು. ಹೆಚ್ಚು ಬ್ರೇಕ್ ಹಾಕದೆ ಐದಾರು ಕಿ.ಮೀ. ಓಡಿಸಿ, ನಿಲ್ಲಿಸಿ, ನಾಲ್ಕೂ ಚಕ್ರದ ಹತ್ತಿರ ಕೈ ಒಯ್ದೆ. ಹಿಂದಿನ ಬಲ ಚಕ್ರ ಮಾತ್ರ ಕೆಂಡದ ಹಾಗೆ ಕಾದಿತ್ತು. ನೇರವಾಗಿ ಮುಟ್ಟಬೇಡಿ, ಹತ್ತಿರ ಹಿಡಿದರೇ ಗೊತ್ತಾಗುತ್ತದೆ. ಹಿಂದಿನ ವಾರ ಮದುವೆಗೆ ಬಸ್ಸಿನಲ್ಲಿ ಹೋಗಿದ್ದೆವು. ಕಾರು ಎಂಟು ದಿನ ಹ್ಯಾಂಡ್‌ಬ್ರೇಕ್ ಎಳೆದೇ ಮಳೆಯಲ್ಲಿ ನಿಂತಿತ್ತು. ಹಿಂದಿನ ಡ್ರಮ್ಮಿನೊಳಗೆ ತೇವಕ್ಕೆ ತುಕ್ಕು ಹಿಡಿದು ಚಕ್ರ ಹಿಡಿದು ನಿಲ್ಲಿಸುವ ಬ್ರೇಕ್ ಶೂ ಪೂರ್ತಿ ವಾಪಸ್ ಬರುತ್ತಿರಲಿಲ್ಲ. ಬಿಚ್ಚಿ ಶುಚಿ ಮಾಡಿಸಿದ ಮೇಲೆ ಮತ್ತೆ 16.9. ಅಂದಿನಿಂದ ಜಾಸ್ತಿ ದಿನ ನಿಲ್ಲಿಸುವುದಾದರೆ ಸಮತಟ್ಟು ಜಾಗ ನೋಡಿ, ಗೇರಿನಲ್ಲಿ ಬಿಟ್ಟು, ಚಕ್ರಕ್ಕೆ ಕಲ್ಲು ಕೊಡುತ್ತೇನೆ. ಹ್ಯಾಂಡ್‌ಬ್ರೇಕ್ ಎಳೆಯುವುದಿಲ್ಲ.

ಬ್ರೇಕ್ ಅಂದ ಮೇಲೆ ಘಾಟಿಯ ಮಾತು ಹೇಳಲೇಬೇಕು. ಆಗುಂಬೆಯಿಂದ ಸೋಮೇಶ್ವರಕ್ಕೆ 14 ಹೇರ್‌ಪಿನ್ ತಿರುವು. ಹತ್ತುವಾಗ ಯಾವ ಗೇರಿನಲ್ಲಿ ಹತ್ತುತ್ತೀರೋ ಇಳಿಯುವಾಗಲೂ ಅದೇ ಗೇರು ಅಂತ ನನಗೆ ಡ್ರೈವಿಂಗ್ ಕಲಿಸಿದ ಸೋದರಮಾವ ಹೇಳುತ್ತಿದ್ದರು. ನಾನು ಎರಡನೇ ಗೇರಿನಲ್ಲಿ ಇಳಿಯುತ್ತೇನೆ, ಕೆಲವು ತಿರುವಿನಲ್ಲಿ ಒಂದಕ್ಕೂ ಬರುತ್ತೇನೆ. ಪೆಟ್ರೋಲ್ ಉಳಿಯುತ್ತದೆ ಅಂತ ನ್ಯೂಟ್ರಲ್ ಮಾಡಿ ಬಿಡುವವರನ್ನು ಕಂಡರೆ ನನಗೆ ನಿಜವಾಗಿ ಭಯವಾಗುತ್ತದೆ. ಈಗಿನ ಕಾರುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಳಿಜಾರಿನಲ್ಲಿ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಐಡ್ಲಿಂಗ್‌ಗೆ ಪೆಟ್ರೋಲ್ ಕುಡಿಯುತ್ತಲೇ ಇರುತ್ತದೆ. ಉಳಿತಾಯವೂ ಇಲ್ಲ, ಹಿಡಿತವೂ ಇಲ್ಲ.

2019ರಲ್ಲಿ ಒಮ್ಮೆ ಘಾಟಿಯ ಕೊನೆಯ ತಿರುವುಗಳಲ್ಲಿ ಬ್ರೇಕ್ ಪೆಡಲ್ ಮೆತ್ತಗಾಯಿತು. ಒತ್ತಿದರೆ ಸ್ಪಂಜ್ ತುಳಿದ ಹಾಗೆ ಒಳಗೆ ಹೋಯಿತು. ಪಕ್ಕದಲ್ಲಿ ಅಮ್ಮ, ಹಿಂದೆ ಇಬ್ಬರು ಮಕ್ಕಳು. ಪೆಡಲನ್ನು ಎರಡು ಮೂರು ಸಲ ಪಂಪ್ ಮಾಡಿ, ಒಂದನೇ ಗೇರಿಗೆ ತಂದು, ಅಗಲ ಜಾಗದಲ್ಲಿ ನಿಲ್ಲಿಸಿ ಮುಕ್ಕಾಲು ಗಂಟೆ ಆರಲು ಬಿಟ್ಟೆ. ಮನೆಗೆ ಬಂದು ನೋಟ್‌ಬುಕ್ ತೆಗೆದರೆ ಬ್ರೇಕ್ ಆಯಿಲ್ ಬದಲಾಯಿಸಿದ ಸಾಲೇ ಇರಲಿಲ್ಲ. ಪ್ರತಿ ಸರ್ವಿಸ್‌ನಲ್ಲೂ ಕಡಿಮೆಯಾದಷ್ಟನ್ನು ಮೇಲಿಂದ ತುಂಬಿಸಿ ಕಳಿಸಿದ್ದರು ಅಷ್ಟೇ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 3 ದರ್ಜೆಯದು ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ. ತೇವ ಹೀರಿಕೊಂಡ ಮೇಲಿನ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಘಾಟಿಯಲ್ಲಿ ಬ್ರೇಕ್ ಕಾದಾಗ ಒಳಗೆ ಹಬೆಗುಳ್ಳೆ ಏಳುತ್ತದೆ, ಪೆಡಲ್ ಮೆತ್ತಗಾಗುತ್ತದೆ. ಈಗ ಎರಡು ವರ್ಷಕ್ಕೊಮ್ಮೆ ಪೂರ್ತಿ ತೆಗೆಸಿ ಹೊಸದು ಹಾಕಿಸುತ್ತೇನೆ, ಎದುರಿಗೇ ನಿಂತು. ಇದೊಂದು ಕೆಲಸಕ್ಕೆ ನಾನು ಯಾರ ಮಾತನ್ನೂ ನಂಬಿ ಮನೆಗೆ ಬರುವುದಿಲ್ಲ.

ಟೈರ್ ವಿಷಯದಲ್ಲೂ ಒಮ್ಮೆ ಪೆಟ್ಟು ತಿಂದೆ. ಒಂದು ಅಂಗಡಿಯಲ್ಲಿ ಆಫರ್ ಅಂತ ಎರಡು ಹೊಸ ಟೈರ್ ತಗೊಂಡೆ. ವರ್ಷ ತುಂಬುವ ಮೊದಲೇ ಬದಿಯಲ್ಲಿ ಸಣ್ಣ ಬಿರುಕು. ಆಮೇಲೆ ನೋಡಿದರೆ ಟೈರಿನ ಮೈಮೇಲೆ ಇಂಗ್ಲಿಷಿನಲ್ಲಿ DOT ಅಂತ ಇರುವ ಸಾಲಿನ ಕೊನೆಯಲ್ಲಿ 2315 ಅಂತಿತ್ತು. ಅಂದರೆ 2015ರ 23ನೇ ವಾರ ತಯಾರಾಗಿದ್ದು. ನಾನು ತಗೊಂಡಿದ್ದು 2019ರ ಕೊನೆಯಲ್ಲಿ. ಈಗ ಆ ನಾಲ್ಕು ಅಂಕೆ ಓದಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ ಮೇಲೆಯೇ ಟೈರ್ ಹಾಕಲು ಹೇಳುತ್ತೇನೆ. ಗಾಳಿಯನ್ನು ಬೆಳಿಗ್ಗೆ, ಕಾರು ತಣ್ಣಗಿದ್ದಾಗ ನೋಡಬೇಕು. ಎಷ್ಟಿರಬೇಕು ಅನ್ನುವುದು ಕಾರಿನ ಜೊತೆ ಬರುವ ಪುಸ್ತಕದಲ್ಲೇ ಇದೆ. ಓಡಿ ಬಿಸಿಯಾದ ಟೈರು ಮೂರು ನಾಲ್ಕು ಪಿಎಸ್‌ಐ ಜಾಸ್ತಿ ತೋರಿಸುತ್ತದೆ, ಅದನ್ನು ನೋಡಿ ಗಾಳಿ ಬಿಡಬಾರದು. ಸ್ಟೆಪ್ನಿಯದ್ದೂ ನೋಡಿ. ಬೇಕಾದ ದಿನ ಅದರಲ್ಲಿ ಗಾಳಿ ಇಲ್ಲದಿದ್ದರೆ ಇದ್ದೂ ಇಲ್ಲದ ಹಾಗೆ.

ಇಲಿ ಕಾಟ ನಮ್ಮ ಕಡೆ ಎಲ್ಲರಿಗೂ ಇದೆ. ಎರಡು ಸಲ ವೈರ್ ಕಡಿದು ಎಂಜಿನ್ ಲೈಟ್ ಹತ್ತಿತ್ತು. ನುಸಿಗುಳಿಗೆ, ಹೊಗೆಸೊಪ್ಪು, ಅಂಗಡಿಯ ಸ್ಪ್ರೇ, ಎಲ್ಲ ಮಾಡಿದೆ. ಪ್ರತಿಯೊಂದೂ ವಾರ ಹತ್ತು ದಿನ ಕೆಲಸ ಮಾಡಿತು. ನಿಜವಾಗಿ ನಿಂತಿದ್ದು ಕಾರು ನಿಲ್ಲಿಸುವ ಜಾಗ ಬದಲಾಯಿಸಿದಾಗ. ಮೊದಲು ಅಡಿಕೆ ಸಿಪ್ಪೆಯ ರಾಶಿಯ ಪಕ್ಕ ನಿಲ್ಲಿಸುತ್ತಿದ್ದೆವು. ಇಲಿ ಆ ರಾಶಿಯಲ್ಲಿ ವಾಸ ಮಾಡಿ, ರಾತ್ರಿ ಬೆಚ್ಚಗಿನ ಎಂಜಿನ್ ಮೇಲೆ ಬಂದು ಕೂರುತ್ತಿತ್ತು. ಈಗ ಬಯಲಲ್ಲಿ ನಿಲ್ಲಿಸಿ, ರಾತ್ರಿ ಬಾನೆಟ್ ಎತ್ತಿಡುತ್ತೇವೆ. ಮೂರು ವರ್ಷವಾಯಿತು, ಒಂದು ವೈರೂ ಹೋಗಿಲ್ಲ.

ಬ್ಯಾಟರಿಗೆ ವೋಲ್ಟ್ ಅಳೆಯುವ 400 ರೂಪಾಯಿಯ ಮಲ್ಟಿಮೀಟರ್ ಇದ್ದರೆ ಸಾಕು. ರಾತ್ರಿ ನಿಂತ ಕಾರಿನಲ್ಲಿ ಬೆಳಿಗ್ಗೆ 12.6 ವೋಲ್ಟ್ ಬಂದರೆ ಫುಲ್ ಚಾರ್ಜ್, 12.2 ಅಂದರೆ ಅರ್ಧಕ್ಕೆ ಬಂದಿದೆ. ಎಂಜಿನ್ ಓಡುವಾಗ ಹದಿನಾಲ್ಕರ ಆಸುಪಾಸು ಇರಬೇಕು. ಅದು ಬರದಿದ್ದರೆ ತೊಂದರೆ ಬ್ಯಾಟರಿಯದ್ದಲ್ಲ, ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಕಡೆಯದ್ದು. ಇದು ಗೊತ್ತಿಲ್ಲದೆ ಸುಮ್ನೆ ಹೊಸ ಬ್ಯಾಟರಿ ತಗೊಂಡವರನ್ನು ನೋಡಿದ್ದೇನೆ.

ಇನ್ಶೂರೆನ್ಸ್ ಬಗ್ಗೆ ಒಂದೇ ಮಾತು. ಪರಿಚಯದವರೊಬ್ಬರು ನೀರು ನಿಂತ ರಸ್ತೆಯಲ್ಲಿ ಕಾರು ಆಫ್ ಆದಾಗ ಮತ್ತೆ ಮತ್ತೆ ಸ್ಟಾರ್ಟ್ ಮಾಡಿದರು. ಎಂಜಿನ್ ಒಳಗೆ ಹೋದ ನೀರು ಗಾಳಿಯ ಹಾಗೆ ಕುಗ್ಗುವುದಿಲ್ಲ, ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಗ್ಗಿತು. ಸಾಮಾನ್ಯ ಪಾಲಿಸಿಯಲ್ಲಿ ಅದಕ್ಕೆ ದುಡ್ಡು ಸಿಗಲಿಲ್ಲ. ನೀರಲ್ಲಿ ಆಫ್ ಆದರೆ ಕೀ ಮುಟ್ಟದೆ ತಳ್ಳಿ ಹೊರಗೆ ತನ್ನಿ, ಟೋ ಮಾಡಿಸಿ. ಹಾಗೆಯೇ ಪಾಲಿಸಿ ಮುಗಿದು 90 ದಿನ ದಾಟಿದರೆ ನೋ ಕ್ಲೈಮ್ ಬೋನಸ್ (ಕ್ಲೈಮ್ ಮಾಡದ್ದಕ್ಕೆ ಸಿಗುವ ರಿಯಾಯಿತಿ) ಪೂರ್ತಿ ಹೋಗುತ್ತದೆ. ನನ್ನದು ಈಗ 50%ರಲ್ಲಿದೆ, ಅದಕ್ಕೇ ಪಾಲಿಸಿ ಮುಗಿಯುವ ತಾರೀಕನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ.

ಆಯಿಲ್ ನೋಡುವುದು ಈಗ ಮಗಳ ಕೆಲಸ. ಭಾನುವಾರ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಡಿಪ್‌ಸ್ಟಿಕ್ ತೆಗೆದು, ಒರೆಸಿ, ಮತ್ತೆ ಅದ್ದಿ, ಎರಡು ಗುರುತಿನ ನಡುವೆ ಎಲ್ಲಿದೆ ಅಂತ ತನ್ನ ಕೈಯಲ್ಲೇ ಬರೆಯುತ್ತಾಳೆ. ಅವಳು ಎಂಟನೇ ಕ್ಲಾಸು.

2028ಕ್ಕೆ ಕಾರಿಗೆ 15 ವರ್ಷ ತುಂಬುತ್ತದೆ. ಆರ್‌ಸಿ ಮತ್ತೆ ಮಾಡಿಸಲು ಗಾಡಿಯನ್ನು ಪರೀಕ್ಷೆಗೆ ಒಯ್ಯಬೇಕು, ಪಾಸಾದರೆ ಮುಂದಿನ ಐದು ವರ್ಷಕ್ಕೆ ಸಿಗುತ್ತದೆ. ಎಂಜಿನ್ ಬಗ್ಗೆ ನನಗೆ ಚಿಂತೆಯಿಲ್ಲ. ಅಮ್ಮನ ಕಾಲಡಿಯ ಆ ತಗಡನ್ನು ಮಾತ್ರ ಈ ಬೇಸಿಗೆಯಲ್ಲಿ ಮತ್ತೆ ತೆಗೆದು ನೋಡಿದೆ. ಅಂಗೈ ಅಗಲ ತುಕ್ಕು ಕಂಡಿತು, ತೂತು ಬಿದ್ದಿಲ್ಲ. ವೈರ್ ಬ್ರಷ್‌ನಲ್ಲಿ ಉಜ್ಜಿ ರೆಡ್ ಆಕ್ಸೈಡ್ ಬಳಿದಿದ್ದೇನೆ. ಇನ್ನೊಂದು ಕೋಟ್ ಆಗಬೇಕು, ಮಳೆ ಹಿಡಿಯುವ ಮೊದಲು.