ಮೊದಲ ಫೆಲ್ ರೇಸ್‌ಗೆ ಹೊರಟವರಿಗೆ: ಉತ್ತರ ಇಂಗ್ಲೆಂಡಿಗೆ ಹೊಸದಾಗಿ ಬಂದ ನಮ್ಮವರಿಗಾಗಿ

ಮ್ಯಾಂಚೆಸ್ಟರ್, ಲೀಡ್ಸ್, ಶೆಫೀಲ್ಡ್ ಕಡೆ ಕೆಲಸಕ್ಕೆ ಬಂದವರು ಶನಿವಾರ ಬೆಳಿಗ್ಗೆ ಪಾರ್ಕ್‌ರನ್‌ಗೆ ಹೋಗಿ 5 ಕಿಲೋಮೀಟರ್ ಓಡುತ್ತಾರೆ, ಆಮೇಲೆ ಹಾಫ್ ಮ್ಯಾರಥಾನ್ ಕಡೆ ನೋಡುತ್ತಾರೆ. ಅದಕ್ಕೂ ಮೊದಲು ಒಮ್ಮೆ ಬೆಟ್ಟದ ಕಡೆ ತಿರುಗಿ ಅಂತ ನನ್ನ ಕೋರಿಕೆ. ಇಲ್ಲಿನ ಫೆಲ್ ರೇಸ್‌ಗಳು, ಅಂದರೆ ಬೆಟ್ಟ ಹತ್ತಿ ಇಳಿಯುವ ಓಟಗಳು, ಹೆಚ್ಚಾಗಿ ಹಳ್ಳಿಯ ಹಾಲ್ ಅನ್ನೇ ನೆಲೆ ಮಾಡಿಕೊಂಡು, ಕೆಲವೇ ಪೌಂಡ್ ಫೀಸಿಗೆ, ಸ್ಥಳೀಯ ಕ್ಲಬ್‌ನವರೇ ನಡೆಸುವ ಓಟಗಳು. ಮೆಡಲ್ ಸಿಗದೇ ಇರಬಹುದು, ಆದರೆ ಊರಿನ ಜನ ಖಂಡಿತ ಸಿಗುತ್ತಾರೆ.

ಎತ್ತರ ನೋಡಿ ಮೋಸ ಹೋಗಬೇಡಿ. ಇಲ್ಲಿನ ಪೆಂಡಲ್ ಬೆಟ್ಟ 557 ಮೀಟರ್, ಕಿಂಡರ್ ಸ್ಕೌಟ್ 636. ಮುಳ್ಳಯ್ಯನಗಿರಿ 1,900 ಮೀಟರ್ ದಾಟುತ್ತೆ, ಕುಮಾರ ಪರ್ವತ ಹತ್ತಿ ಬಂದವರಿಗೆ ಇದು ಗುಡ್ಡವೇ ಅಲ್ಲ ಅನ್ನಿಸಬಹುದು. ಆದರೆ ಮಲೆನಾಡಿನ ಮಳೆಯಲ್ಲಿ ನೆನೆದರೆ ಮೈ ಒದ್ದೆಯಾಗುತ್ತೆ ಅಷ್ಟೆ, ಇಲ್ಲಿ ಮೇಲೆ ಮರವೇ ಇಲ್ಲದ ಬಯಲಿನಲ್ಲಿ ಗಾಳಿ ನೇರವಾಗಿ ಬಡಿಯುತ್ತೆ, ಒದ್ದೆ ಬಟ್ಟೆಯಲ್ಲಿ ಹತ್ತು ನಿಮಿಷ ನಿಂತರೂ ಕೈ ಮರಗಟ್ಟಿ ಜಿಪ್ ಎಳೆಯಲು ಬರುವುದಿಲ್ಲ. ಜೂನ್‌ನಲ್ಲೂ ಅಷ್ಟೇ.

ಅದಕ್ಕೇ ಕಿಟ್ ಬಗ್ಗೆ ಜಾಸ್ತಿ ಹೇಳುತ್ತೇನೆ. ರೇಸ್ ನಡೆಸುವವರು ಕಿಟ್ ಬೇಕು ಅಂದಿದ್ದರೆ ಬೇಕೇ ಬೇಕು, ಶುರುವಿನಲ್ಲೇ ಚೀಲ ತೆಗೆಸಿ ನೋಡಬಹುದು. ಸಾಮಾನ್ಯವಾಗಿ ಕೇಳುವುದು ಇಷ್ಟು: ತಲೆ ಮುಚ್ಚುವ ಹುಡ್ ಇರುವ, ಹೊಲಿಗೆಗೆ ಒಳಗಿನಿಂದ ಟೇಪ್ ಹಾಕಿದ ವಾಟರ್‌ಪ್ರೂಫ್ ಜಾಕೆಟ್, ಅಂಥದ್ದೇ ಪ್ಯಾಂಟ್, ಟೋಪಿ, ಗ್ಲೌಸ್, ಮ್ಯಾಪ್, ಕಂಪಾಸ್, ಸೀಟಿ, ಸ್ವಲ್ಪ ತಿಂಡಿ. ತಿಂಡಿಗೆ ಖರ್ಜೂರ, ಕಡಲೆ ಮಿಠಾಯಿ ಚೆನ್ನಾಗಿ ಆಗುತ್ತೆ. ‘ಗಾಳಿಗೆ ಸಾಕು’ ಅನ್ನುವ ತೆಳು ಜಾಕೆಟ್ ಆಗುವುದಿಲ್ಲ. ಶೂ ಕೂಡ ಬೇರೆಯೇ ಬೇಕು, ಅಡಿಯಲ್ಲಿ ಉದ್ದನೆಯ ರಬ್ಬರ್ ಹಲ್ಲುಗಳಿರುವಂಥದ್ದು. ರೋಡ್ ಶೂನಲ್ಲಿ ಒದ್ದೆ ಹುಲ್ಲಿನ ಇಳಿಜಾರಿಗೆ ಹೋಗಲೇಬೇಡಿ. ಎಲ್ಲವನ್ನೂ ಒಂದೇ ಸಲ ಕೊಳ್ಳಬೇಕಾಗಿಲ್ಲ, ಕ್ಲಬ್‌ನಲ್ಲಿ ಕೇಳಿದರೆ ಜಾಕೆಟ್ ಕೊಟ್ಟು ಕಳಿಸುವವರು ಸಿಗುತ್ತಾರೆ.

ಕ್ಲಬ್‌ಗೆ ಸೇರುವ ವಿಷಯದಲ್ಲಿ ನಮ್ಮವರು ಸುಮ್ನೆ ಹಿಂಜರಿಯುತ್ತಾರೆ. ಶೆಫೀಲ್ಡ್‌ನಲ್ಲಿ ಡಾರ್ಕ್ ಪೀಕ್, ಗ್ಲಾಸಪ್‌ನಲ್ಲಿ ಗ್ಲಾಸಪ್‌ಡೇಲ್ ಹ್ಯಾರಿಯರ್ಸ್ ಹೀಗೆ ಬೆಟ್ಟದ ಅಂಚಿನ ಊರುಗಳಲ್ಲಿ ಕ್ಲಬ್ ಇದ್ದೇ ಇರುತ್ತೆ. ‘ನಾನು ಹೊಸಬ, ನಿಧಾನಕ್ಕೆ ಓಡುತ್ತೇನೆ, ಬೆಟ್ಟದಲ್ಲಿ ಓಡಿಲ್ಲ’ ಅಂತ ನೇರವಾಗಿ ಬರೆದು ಕೇಳಿ. ದುಡ್ಡು ಕಟ್ಟುವ ಮೊದಲು ಒಂದೆರಡು ಸಲ ಜೊತೆಗೆ ಓಡಲು ಬಹಳ ಕ್ಲಬ್‌ಗಳು ಬಿಡುತ್ತವೆ. ರೇಸ್‌ಗೂ ಮೊದಲು ಆ ದಾರಿಯಲ್ಲಿ ಅವರ ಜೊತೆ ಒಮ್ಮೆ ಹೋಗಿ ಬನ್ನಿ. ಯಾಕೆಂದರೆ ತುಂಬಾ ರೇಸ್‌ಗಳಲ್ಲಿ ದಾರಿಯುದ್ದಕ್ಕೂ ಬಾಣದ ಗುರುತು ಇರುವುದಿಲ್ಲ, ದಾಟಲೇಬೇಕಾದ ಚೆಕ್‌ಪಾಯಿಂಟ್‌ಗಳು ಮಾತ್ರ ಇರುತ್ತವೆ, ಮಂಜು ಇಳಿದರೆ ಮುಂದೆ ಓಡುತ್ತಿದ್ದವರೂ ಕಾಣುವುದಿಲ್ಲ. ಮುಂದಿನವರಿಗೂ ದಾರಿ ತಪ್ಪಿರಬಹುದು, ಅಲ್ವಾ? ಮ್ಯಾಪ್ ಮತ್ತು ಕಂಪಾಸ್ ಬಳಸುವುದನ್ನು ಕ್ಲಬ್‌ನ ಹಿರಿಯರಿಂದ ಕಲಿಯಿರಿ, ಫೋನ್ ಒಂದನ್ನೇ ನಂಬಬೇಡಿ.

ರೇಸ್ ಹೆಸರಿನ ಪಕ್ಕ ಎರಡು ಅಕ್ಷರ ಇರುತ್ತವೆ. ಎ, ಬಿ, ಸಿ ಅಂದರೆ ಏರು ಎಷ್ಟು ಅಂತ. ಎ ಅತಿ ಕಡಿದು, ಸರಾಸರಿ ಕಿಲೋಮೀಟರಿಗೆ ಕನಿಷ್ಠ 50 ಮೀಟರ್ ಏರು. ಬಿ ಅಂದರೆ 25, ಸಿ ಅಂದರೆ 20. ಎಸ್, ಎಂ, ಎಲ್ ಅಂದರೆ ದೂರ: 10 ಕಿಲೋಮೀಟರಿಗಿಂತ ಕಡಿಮೆ, 10ರಿಂದ 20, ಅದಕ್ಕೂ ಹೆಚ್ಚು. ಮೊದಲ ಸಲಕ್ಕೆ ಬಿಎಸ್ ಅಥವಾ ಸಿಎಸ್ ಆರಿಸಿಕೊಳ್ಳಿ, ಅದರಲ್ಲೂ ಬೇಸಿಗೆಯ ವಾರದ ಮಧ್ಯದ ಸಂಜೆ ರೇಸ್ ಒಳ್ಳೆಯದು. ಯಾರ್ಕ್‌ಷೈರ್‌ನಲ್ಲಿ 1954ರಿಂದ ನಡೆಯುತ್ತಿರುವ ಥ್ರೀ ಪೀಕ್ಸ್ ರೇಸ್ (ಮೂರು ಬೆಟ್ಟ ಹತ್ತಿ ಇಳಿಯುವ ಓಟ) ಹೆಸರು ಕೇಳಿ ಆಸೆ ಆಗುತ್ತೆ, ಆಗಲಿ, ಅದು ಆಮೇಲೆ.

ಏರಿನಲ್ಲಿ ನಡೆಯಿರಿ. ಎಲ್ಲರೂ ನಡೆಯುತ್ತಾರೆ, ಮುಂದಿರುವವರೂ ಕಡಿದಾದ ಕಡೆ ಮೊಣಕಾಲಿನ ಮೇಲೆ ಕೈ ಊರಿ ಹತ್ತುತ್ತಾರೆ. ಇಳಿಯುವಾಗ ಹಿಂದಕ್ಕೆ ವಾಲಬೇಡಿ, ಚಿಕ್ಕ ಹೆಜ್ಜೆ ಇಡಿ, ಕಣ್ಣು ನಾಲ್ಕೈದು ಹೆಜ್ಜೆ ಮುಂದಿರಲಿ. ಕಪ್ಪು ಕೆಸರು ಎಷ್ಟು ಆಳ ಅಂತ ಮೇಲಿನಿಂದ ಗೊತ್ತಾಗುವುದಿಲ್ಲ, ಶೂ ಲೇಸ್ ಬಿಗಿಯಾಗಿ ಕಟ್ಟಿಕೊಂಡಿರಿ.

ಯಾರಾದರೂ ಬಿದ್ದಿದ್ದರೆ ನಿಮ್ಮ ಓಟ ಅಲ್ಲಿಗೆ ನಿಲ್ಲಬೇಕು. ಹತ್ತಿರದ ಮಾರ್ಷಲ್‌ಗೆ, ಅಂದರೆ ದಾರಿಯಲ್ಲಿ ನಿಂತು ಓಟ ನೋಡಿಕೊಳ್ಳುವವರಿಗೆ, ತಿಳಿಸಿ. ಗಂಭೀರವಾಗಿದ್ದರೆ 999ಕ್ಕೆ ಫೋನ್ ಮಾಡಿ ಮೊದಲು ಪೊಲೀಸ್, ಆಮೇಲೆ ಮೌಂಟನ್ ರೆಸ್ಕ್ಯೂ (ಬೆಟ್ಟದಲ್ಲಿ ಸಿಕ್ಕಿಕೊಂಡವರನ್ನು ಕಾಪಾಡುವ ತಂಡ) ಕೇಳಿ. ಸಹಾಯ ಬೇಕು ಅನ್ನುವ ಸೀಟಿಯ ಸಂಕೇತ ನಿಮಿಷಕ್ಕೆ ಆರು ಸಲ.

ಇನ್ನೊಂದು ಮಾತು, ಇದನ್ನು ಮಾತ್ರ ಮರೆಯಲೇಬೇಡಿ: ಅರ್ಧಕ್ಕೆ ಬಿಟ್ಟರೆ ನೇರವಾಗಿ ಕಾರು ಹತ್ತಿ ಮನೆಗೆ ಹೋಗಬಾರದು. ಫಿನಿಶ್‌ಗೆ ಬಂದು ನಂಬರ್ ಹೇಳಿ ಹೋಗಿ. ಹೊರಟವರನ್ನೂ ಬಂದವರನ್ನೂ ರೇಸ್ ನಡೆಸುವವರು ಎಣಿಸುತ್ತಾರೆ, ಒಬ್ಬರು ಕಡಿಮೆಯಾದರೂ ಕತ್ತಲಲ್ಲಿ ಬೆಟ್ಟಕ್ಕೆ ಜನ ಹುಡುಕಲು ಹೋಗಬೇಕಾಗುತ್ತೆ, ಅವರೆಲ್ಲ ಸಂಬಳ ಇಲ್ಲದೆ ಬರುವ ಸ್ವಯಂಸೇವಕರು.

ಓಟ ಮುಗಿದ ಮೇಲೆ ಹಾಲ್‌ನಲ್ಲಿ ಟೀ, ಮನೆಯಲ್ಲಿ ಮಾಡಿದ ಕೇಕ್ ಇರುತ್ತೆ. ಮೊಟ್ಟೆ ತಿನ್ನದವರು ಕೇಳಿ ತಿನ್ನಿ, ಬೇಸರ ಮಾಡಿಕೊಳ್ಳುವುದಿಲ್ಲ. ಓಡಲು ಆಗದ ವಾರ ಮಾರ್ಷಲ್ ಆಗಿ ನಿಲ್ಲುತ್ತೇನೆ ಅಂತ ಕ್ಲಬ್‌ನವರಿಗೆ ಹೇಳಿ, ಆ ಕೆಲಸಕ್ಕೆ ಯಾವಾಗಲೂ ಜನ ಬೇಕು.