ಪಿಕಲ್‌ಬಾಲ್: ಬೀಳದೆ ಆಡುವುದನ್ನು ನಾನು ರೂಢಿಸಿಕೊಂಡ ಬಗೆ

ಪಿಕಲ್‌ಬಾಲ್ ಎಂದರೆ ಪ್ಯಾಡಲ್ ಎಂಬ ಚಪ್ಪಟೆ ಬ್ಯಾಟಿನಿಂದ ಪ್ಲಾಸ್ಟಿಕ್ ಚೆಂಡನ್ನು ನೆಟ್ ಆಚೆಗೆ ಹೊಡೆಯುವ, ಟೆನ್ನಿಸ್ ಹೋಲುವ ಆಟ. ಅದರ ಕೋರ್ಟ್ 44 ಅಡಿ ಉದ್ದ, 20 ಅಡಿ ಅಗಲ. ಡಬಲ್ಸ್ ಆಡುವಾಗ ಒಬ್ಬರು ಕಾಯಬೇಕಾದದ್ದು ಹೆಚ್ಚುಕಡಿಮೆ ಅದರರ್ಧ ಅಗಲ ಮಾತ್ರ. ಚೆಂಡೂ ಹಗುರ. ಹಾಗಾಗಿ ಐವತ್ತು ದಾಟಿದವರು ಧೈರ್ಯವಾಗಿ ಪ್ಯಾಡಲ್ ಹಿಡಿಯುತ್ತಾರೆ, ನಾನೂ ಹಿಡಿದೆ. ಆದರೆ ಜಾಗ ಚಿಕ್ಕದಾದಷ್ಟೂ ಥಟ್ಟನೆ ಚಿಮ್ಮುವುದು, ಥಟ್ಟನೆ ನಿಲ್ಲುವುದು ಹೆಚ್ಚು. ಉಸಿರು ಏರುವ ಮೊದಲೇ ಮೀನಖಂಡ, ಹಿಮ್ಮಡಿ, ಮೊಣಕಾಲುಗಳ ಮೇಲೆ ಹೊರೆ ಬಿದ್ದಿರುತ್ತದೆ.

ನಾನು ಎಲ್ಲಕ್ಕಿಂತ ಹೆಚ್ಚು ಅಭ್ಯಾಸ ಮಾಡಿದ್ದು ಲಾಬ್, ಅಂದರೆ ತಲೆಯ ಮೇಲಿಂದ ಹೋಗುವಂತೆ ಎತ್ತರಕ್ಕೆ ಹೊಡೆದ ಚೆಂಡು, ಬಂದಾಗ ಇಡುವ ಮೊದಲ ಹೆಜ್ಜೆಯನ್ನು. ನೆಟ್‌ನಿಂದ ಏಳು ಅಡಿ ದೂರದ ಕಿಚನ್ (ನೆಟ್ ಪಕ್ಕದ ಪಟ್ಟಿ) ಗೆರೆಯ ಬಳಿ ನಿಂತಿರುವಾಗ ಚೆಂಡು ತಲೆಯ ಮೇಲೆ ಹಾರಿಹೋದರೆ, ಮುಖ ಮೇಲೆತ್ತಿಕೊಂಡೇ ಹಿಮ್ಮುಖವಾಗಿ ಓಡುವುದು ಎಲ್ಲರ ಸಹಜ ಪ್ರವೃತ್ತಿ. ಆಗ ಮೈಭಾರ ಹಿಮ್ಮಡಿಯ ಮೇಲೆ ಜಾರುತ್ತದೆ, ಹಿಂದೇನಿದೆ ಎಂದು ಕಾಣುವುದಿಲ್ಲ. ಬೀಳುವವರು ತಮಗರಿವಿಲ್ಲದೆ ಕೈಯೂರುತ್ತಾರೆ. ಮಣಿಕಟ್ಟಿನ ಮೂಳೆ ಮುರಿಯುವುದು ಹೀಗೆ. ತಲೆ ನೆಲಕ್ಕೆ ಬಡಿಯುವ ಭಯವೂ ಇದೆ. ನನ್ನದು ಬಲಗೈ ಆಟ. ಲಾಬ್ ಎದ್ದಿತೆಂದು ತಿಳಿದ ಕೂಡಲೇ ಬಲಗಾಲನ್ನು ಹಿಂದಿಟ್ಟು ಸೊಂಟ, ಭುಜ ಎರಡನ್ನೂ ಪಕ್ಕಕ್ಕೆ ತಿರುಗಿಸುತ್ತೇನೆ. ಅನಂತರವೇ ಹೆಗಲ ಮೇಲಿಂದ ಚೆಂಡನ್ನು ನೋಡುತ್ತಾ ಓಡುತ್ತೇನೆ. ಮೊದಲು ಚೆಂಡಿಲ್ಲದೆ, ನಿಧಾನವಾಗಿ ಈ ತಿರುವನ್ನು ಕಲಿತೆ. ಆಮೇಲೆ ಜೊತೆಗಾರರು ಕೈಯಿಂದ ಚೆಂಡು ಎಸೆದು ಅಭ್ಯಾಸ ಮಾಡಿಸಿದರು. ನನ್ನ ನೆತ್ತಿಯ ಮೇಲೆ ಹೋದ ಚೆಂಡಿಗೆ ಅವರೇ ಓರೆಯಾಗಿ ಓಡಿ ತಲುಪುವುದು ಎಷ್ಟೋ ಸಲ ಸುಲಭ. ಅದಕ್ಕೇ ಅವರು “ಬಿಡಿ, ನನ್ನದು” ಎಂದು ಕೂಗಿದರೆ ನಾನು ಅಲ್ಲಿಗೇ ನಿಲ್ಲುತ್ತೇನೆ. ಇಬ್ಬರಿಗೂ ಎಟುಕದ ಚೆಂಡನ್ನು ಹೋಗಲು ಬಿಡುತ್ತೇವೆ. ಹೋಗುವುದು ಒಂದು ಪಾಯಿಂಟ್ ಅಷ್ಟೇ.

ಹಿಮ್ಮಡಿಯ ಹಿಂದಿನ ಅಕಿಲಿಸ್ ಸ್ನಾಯುರಜ್ಜು ನಡುವಯಸ್ಸಿನ ಆಟಗಾರರನ್ನು ಹೆಚ್ಚು ಕಾಡುತ್ತದೆ. ಅದಕ್ಕಾಗಿ ಮನೆಯಲ್ಲೇ ಮೆಟ್ಟಿಲಂಚಿನಲ್ಲಿ ನಿಂತು, ಕಂಬಿ ಹಿಡಿದು, ಎರಡೂ ಕಾಲಿನಿಂದ ಹಿಮ್ಮಡಿ ಎತ್ತಿ ಒಂದೇ ಕಾಲಿನ ಮೇಲೆ ನಿಧಾನವಾಗಿ ಇಳಿಯುತ್ತೇನೆ. ಬಲ ಬರುವುದು ಆ ನಿಧಾನದ ಇಳಿತದಲ್ಲಿ. ಅವಸರ ಮಾಡಿದರೆ ಫಲವಿಲ್ಲ. ಕೋರ್ಟಿಗೆ ಹೋದ ಮೇಲೆ ಬಿರುಸು ನಡಿಗೆ, ಪಕ್ಕಹೆಜ್ಜೆ, ತೋಳು ತಿರುಗಿಸುವುದು, ಮೈ ಬೆಚ್ಚಗಾಗುವವರೆಗೆ. ಸ್ನಾಯುಗಳನ್ನು ಎಳೆದು ಹಿಡಿಯುವ ವ್ಯಾಯಾಮವನ್ನು ಆಟ ಮುಗಿದ ಮೇಲೆ ಮಾಡುತ್ತೇನೆ.

ಓಟದ ಶೂಗಳನ್ನು ಕೋರ್ಟಿಗೆ ತರುವುದಿಲ್ಲ. ಅವು ಮುಂದಕ್ಕೆ ಓಡಲೆಂದು ಮಾಡಿದವು. ದಪ್ಪ, ಮೆತ್ತನೆಯ ಅಟ್ಟೆಯ ಮೇಲೆ ಪಕ್ಕಕ್ಕೆ ಹೆಜ್ಜೆ ಹಾಕಿದರೆ ಪಾದ ಮಗುಚಿ ಉಳುಕುತ್ತದೆ. ಅಗಲವಾದ, ಸಮತಟ್ಟಾದ ಅಟ್ಟೆಯ ಕೋರ್ಟ್ ಶೂ ಬೇಕು. ಪ್ಯಾಡಲ್ಲನ್ನು ಸದಾ ಬಿಗಿಹಿಡಿದಿದ್ದರೆ ಮೊಣಕೈಯ ಹೊರಬದಿ ನೋಯತೊಡಗುತ್ತದೆ, ಆದ್ದರಿಂದ ಹೊಡೆತಗಳ ನಡುವೆ ಬೆರಳು ಸಡಿಲಿಸುತ್ತೇನೆ. ಕಣ್ಣಿಗೆ ಪಾಲಿಕಾರ್ಬೊನೇಟ್ ಕನ್ನಡಕ: ನಾನೂ ಎದುರಾಳಿಯೂ ನಮ್ಮ ನಮ್ಮ ಕಿಚನ್ ಗೆರೆಗೆ ಬಂದರೆ ನಡುವಿನ ಅಂತರ 14 ಅಡಿ, ಅಷ್ಟು ಹತ್ತಿರದಿಂದ ಬಂದ ಚೆಂಡಿಗೆ ರೆಪ್ಪೆ ಮುಚ್ಚುವಷ್ಟೂ ಸಮಯವಿರುವುದಿಲ್ಲ. ಪಕ್ಕದ ಕೋರ್ಟಿನ ಚೆಂಡು ಉರುಳಿ ಬಂದರೆ ಯಾರು ಗೆಲ್ಲುತ್ತಿದ್ದರೂ ಸರಿ, ಕೂಗಿ ಆಟ ನಿಲ್ಲಿಸುತ್ತೇನೆ.

ಹಿಮ್ಮಡಿಯ ಹಿಂದೆ ಯಾರೋ ಒದ್ದಂತಾದರೆ, ‘ಟಪ್’ ಎಂದು ಕೇಳಿಸಿದರೆ, ಅಂದು ಆಟವಲ್ಲ, ನೇರ ವೈದ್ಯರ ಬಳಿಗೆ ಹೋಗಬೇಕು. ಎದೆನೋವಿಗಂತೂ ಒಂದು ಕ್ಷಣವೂ ಕಾಯಬಾರದು. ಹೊಸದಾಗಿ ಬಂದವರಿಗೆ ಸರ್ವ್ ಕಲಿಸುವ ಮೊದಲು ನಾನು ಇದನ್ನು ಹೇಳುತ್ತೇನೆ. ಆಮೇಲೆ ಅವರನ್ನು ಕಿಚನ್ ಗೆರೆಯ ಬಳಿ ನಿಲ್ಲಿಸಿ, ಚೆಂಡಿಲ್ಲದೆ, ಆ ಪಕ್ಕತಿರುವನ್ನು ಮಾಡಿಸುತ್ತೇನೆ.