ಚಕ್ಕುಬಂದಿ ಓದಿ: ಅಮೆರಿಕದ ಹಳೇ ಪೂರ್ವಿಕನ ಅಪ್ಪನನ್ನು ಹುಡುಕುವುದು ಹೇಗೆ

ನಮ್ಮ ಅಕ್ಕನ ಸೊಸೆ ಅಮೆರಿಕದವಳು. ಅವಳ ಮನೆತನದ ಒಬ್ಬ ಪೂರ್ವಿಕ 1790ರ ಸುಮಾರಿಗೆ ವರ್ಜೀನಿಯಾದಲ್ಲಿ ಹುಟ್ಟಿ, ಆಮೇಲೆ ಕೆಂಟಕಿಗೆ ಹೋದವನು. ಅಪ್ಪ ಅಮ್ಮ ಯಾರು ಅಂತ ಗೊತ್ತಿಲ್ಲ. ಎರಡು ವರ್ಷದಿಂದ ಜಯನಗರದ ಮನೆಯಲ್ಲಿ ಕೂತು, ರಾತ್ರಿ ಊಟ ಆದಮೇಲೆ ಅವನನ್ನೇ ಹುಡುಕುತ್ತಿದ್ದೇನೆ. ನಿಮಗೂ ಮೊಮ್ಮಕ್ಕಳಿಗೆ ಎರಡೂ ಕಡೆಯ ವಂಶವೃಕ್ಷ ಬರೆದಿಡುವ ಆಸೆ ಇದ್ದರೆ ಹೀಗೆ ಮಾಡಿ.

ಗೊತ್ತಿರುವವರಿಂದ ಶುರು ಮಾಡಿ, ಒಂದೊಂದೇ ತಲೆಮಾರು ಹಿಂದಕ್ಕೆ ಹೋಗಿ. ಹಳೇ ದಾಖಲೆ ಹುಡುಕುವ ಫ್ಯಾಮಿಲಿಸರ್ಚ್ ಅನ್ನೋ ವೆಬ್‌ಸೈಟಿನಲ್ಲಿ ಅಕೌಂಟ್ ಉಚಿತ. ಅಮೆರಿಕದ ಜನಗಣತಿ 1790ರಿಂದ ಹತ್ತು ವರ್ಷಕ್ಕೊಮ್ಮೆ ನಡೆದಿದೆ. ಆದರೆ 1840ರವರೆಗೆ ಮನೆ ಯಜಮಾನನ ಹೆಸರು ಮಾತ್ರ ಇದೆ, ಉಳಿದವರು ವಯಸ್ಸಿನ ಖಾನೆಯಲ್ಲಿ ಬರೀ ಸಂಖ್ಯೆ. 1850ರಲ್ಲಿ ಗುಲಾಮರಲ್ಲದ ಎಲ್ಲರ ಹೆಸರೂ ಬಂತು. ಯಾರಿಗೆ ಯಾರು ಏನಾಗಬೇಕು ಅಂತ ಬರೆದಿದ್ದು 1880ರಿಂದ. ಹಾಗಾಗಿ 1850ರಲ್ಲಿ ಒಂದೇ ಮನೆಯಲ್ಲಿದ್ದಾನೆ ಅಂತ ಹುಡುಗನನ್ನು ಸುಮ್ನೆ ಮಗ ಅಂದುಕೊಳ್ಳಬೇಡಿ, ಅಣ್ಣನ ಮಗನೋ ಕೆಲಸದವನೋ ಆಗಿರಬಹುದು, ಅಲ್ವಾ?

ಜಾಸ್ತಿ ಸುಳಿವು ಸಿಗುವುದು ಜಮೀನಿನ ಪತ್ರದಲ್ಲಿ. ನಮ್ಮ ಕ್ರಯಪತ್ರದ ಹಾಗೆ ಅಲ್ಲೂ ಚಕ್ಕುಬಂದಿ ಇರುತ್ತದೆ: ಇಂಥ ಓಕ್ ಮರದಿಂದ ಹಳ್ಳದವರೆಗೆ, ಅಲ್ಲಿಂದ ಇಂಥವನ ಜಮೀನಿನ ಗಡಿಯವರೆಗೆ. ಆ ಅಕ್ಕಪಕ್ಕದ ಹೆಸರು, ಸಾಕ್ಷಿ ರುಜು ಹಾಕಿದವರ ಹೆಸರು, ಎಲ್ಲವನ್ನೂ ಬರೆದಿಟ್ಟುಕೊಳ್ಳಿ. ಜನ ನೆಂಟರ ಪಕ್ಕದಲ್ಲೇ ಜಮೀನು ಹಿಡಿಯುತ್ತಿದ್ದರು, ವಲಸೆ ಹೋದಾಗಲೂ ಒಟ್ಟಿಗೆ ಹೋಗುತ್ತಿದ್ದರು. ಒಂದು ಪತ್ರದಲ್ಲಿ ನೂರು ಎಕರೆಯನ್ನು 'ಪ್ರೀತಿ ವಿಶ್ವಾಸಕ್ಕಾಗಿ, ಒಂದು ಡಾಲರಿಗೆ' ಕೊಟ್ಟಿದ್ದು ಓದಿ ನಾನು ಎದ್ದು ಕೂತೆ. ನಮ್ಮ ದಾನಪತ್ರದ ಮಾತೇ ಅದು! ಪಡೆದವನು ನಮ್ಮವನಲ್ಲ, ಆದರೆ ಮನೆತನದ ಹೆಸರು ಒಂದೇ. ನಮ್ಮವನು ಕೆಳಗೆ ಸಾಕ್ಷಿ.

ಪತ್ರ ಸಿಗದಿದ್ದರೆ ಪಕ್ಕದ ಕೌಂಟಿ (ನಮ್ಮ ಜಿಲ್ಲೆ ಇದ್ದ ಹಾಗೆ) ನೋಡಿ. ಕೋಲಾರದಿಂದ ಚಿಕ್ಕಬಳ್ಳಾಪುರ ಬೇರೆಯಾದ ಹಾಗೆ ಅಲ್ಲಿ ಕೌಂಟಿಗಳು ಒಡೆಯುತ್ತಲೇ ಇದ್ದವು, ಹಳೇ ಕಾಗದ ಮೂಲ ಕೌಂಟಿಯಲ್ಲೇ ಉಳಿಯುತ್ತಿತ್ತು. ಕೆಂಟಕಿಯೇ 1792ರವರೆಗೆ ವರ್ಜೀನಿಯಾದ ಭಾಗ.

ಮಾತಿನ ಅರ್ಥದಲ್ಲೂ ಎಚ್ಚರ ಇರಲಿ. ಒಂದೇ ಹೆಸರಿನ ಇಬ್ಬರಿದ್ದರೆ ದೊಡ್ಡವನಿಗೆ ಸೀನಿಯರ್, ಚಿಕ್ಕವನಿಗೆ ಜೂನಿಯರ್ ಅನ್ನುತ್ತಿದ್ದರು, ಅಪ್ಪ ಮಗ ಆಗಿರಲೇಬೇಕು ಅಂತಿಲ್ಲ. ಕೋರ್ಟ್ ಕಾಗದದಲ್ಲಿ ಅನಾಥ ಅಂದರೆ ಅಪ್ಪ ತೀರಿಕೊಂಡಿದ್ದಾನೆ ಅಂತ ಅಷ್ಟೇ, ತಾಯಿ ಬದುಕಿರಬಹುದು. ಉಯಿಲಿನಲ್ಲಿ ಹೆಸರಿಲ್ಲದ ಮಗ ಮೊದಲೇ ಪಾಲು ಪಡೆದವನಾಗಿರಬಹುದು.

ಗಂಡು ಸಂತತಿ ಮುರಿಯದೆ ಬಂದಿದ್ದರೆ ಆ ಸಾಲಿನ ಗಂಡಸೊಬ್ಬರಿಗೆ ವೈ-ಡಿಎನ್‌ಎ (ಅಪ್ಪನಿಂದ ಮಗನಿಗೆ ಮಾತ್ರ ಬರುವ ಡಿಎನ್‌ಎ) ಪರೀಕ್ಷೆ ಮಾಡಿಸಿ. ಮನೆತನ ಯಾವುದು ಅಂತ ತಿಳಿಯುತ್ತದೆ, ಆದರೆ ಅಣ್ಣ ತಮ್ಮಂದಿರಲ್ಲಿ ಅಪ್ಪ ಯಾರು ಅಂತ ಅದೊಂದೇ ಹೇಳಲಾರದು. ಅದಕ್ಕೆ ಮತ್ತೆ ಕಾಗದವೇ ಬೇಕು.

ವರ್ಜೀನಿಯಾದ ತೆರಿಗೆ ಪಟ್ಟಿಗಳು 1782ರಿಂದ ಇವೆ. ಈಗ ಆ ದಾನ ಕೊಟ್ಟವನ ಸಾಲನ್ನು ವರ್ಷ ವರ್ಷ ನೋಡುತ್ತಿದ್ದೇನೆ. 1806ರಲ್ಲಿ ಅವನ ಮನೆಯಲ್ಲಿ 16 ದಾಟಿದ ಗಂಡಸರ ಲೆಕ್ಕ ಎರಡರಿಂದ ಮೂರಾಗಿದೆ. ನಮ್ಮವನಿಗೂ ಆಗ ಸುಮಾರು 16.